‘ಸಪೋರ್ಟ್ ಇಲ್ಲ’ ಅಂದ್ರೆ ಏನರ್ಥ? ರಿಮೋಟ್ ಡೆಸ್ಕ್‌ಟಾಪ್ ಒಳಗೆ ಡೆವಲಪರ್ ಟೂಲ್‌ಗಳು ಕೈಕೊಡೋ ಕಥೆ

ಹೋದ ವರ್ಷ ನಮ್ಮ ಟೀಮಿಗೆ ಹಾಸನದ ಕಡೆಯ ಹುಡುಗಿ ಒಬ್ಬಳು ಬಂದು ಸೇರಿದ್ಲು. ಮೂರು ವರ್ಷ ಆಂಡ್ರಾಯ್ಡ್ ಕೆಲಸ ಮಾಡಿದ್ದವಳು, ಕೈ ಚುರುಕು. ಕ್ಲೈಂಟ್ ಕಡೆಯಿಂದ ವಿಡಿಐ ಲಾಗಿನ್ ಬಂತು, ಅಂದ್ರೆ ನಮ್ಮ ಲ್ಯಾಪ್‌ಟಾಪ್ ಬರೀ ಒಂದು ಕಿಟಕಿ ಇದ್ದಂಗೆ, ಅಸಲಿ ವಿಂಡೋಸ್ ಮಷೀನ್ ಓಡ್ತಿರೋದು ಅಮೆರಿಕದ ಡೇಟಾ ಸೆಂಟರ್ ಒಂದರಲ್ಲಿ, ಅದರ ಪರದೆಯ ಚಿತ್ರ ಮಾತ್ರ ಇಲ್ಲಿಗೆ ಬರತ್ತೆ, ನಾವು ಒತ್ತಿದ ಕೀ ಮತ್ತು ಮೌಸ್ ಅಲ್ಲಿಗೆ ಹೋಗತ್ತೆ. ಆ್ಯಪ್ ಬರೆಯೋ ಟೂಲ್ ಆಂಡ್ರಾಯ್ಡ್ ಸ್ಟುಡಿಯೋ ಇನ್‌ಸ್ಟಾಲ್ ಆಯ್ತು, ಪ್ರಾಜೆಕ್ಟ್ ಸಿಂಕ್ ಆಯ್ತು, ಬಿಲ್ಡ್ ಕೂಡ ಆಯ್ತು. ಎಮ್ಯುಲೇಟರ್, ಅಂದ್ರೆ ಕಂಪ್ಯೂಟರ್ ಒಳಗೆ ಓಡೋ ನಕಲಿ ಫೋನ್, ಒತ್ತಿದ್ಲು, ಏಳಲಿಲ್ಲ. ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ (ಒಂದು ಮಷೀನ್ ಒಳಗೆ ಇನ್ನೊಂದು ಮಷೀನ್ ಓಡಿಸೋ) ಸೌಲಭ್ಯ ಸಿಗ್ತಿಲ್ಲ ಅಂತ ಎರರ್. ಹೆಲ್ಪ್‌ಡೆಸ್ಕ್‌ಗೆ ದೂರಿನ ಟಿಕೆಟ್ ರೇಸ್ ಮಾಡಿದ್ವಿ. ಒಂಬತ್ತನೇ ದಿನ ಉತ್ತರ ಬಂತು, ಒಂದೇ ಸಾಲು, ಈ ಎನ್ವಿರಾನ್ಮೆಂಟ್‌ನಲ್ಲಿ ಆ ಟೂಲ್‌ಗೆ ಸಪೋರ್ಟ್ ಇಲ್ಲ ಅಂತ, ಟಿಕೆಟ್ ಕ್ಲೋಸ್. ಅಷ್ಟೂ ದಿನ ಬೆಳಗ್ಗೆ ಸ್ಟ್ಯಾಂಡಪ್‌ನಲ್ಲಿ ಅವಳ ಸರದಿ ಬಂದಾಗ ದನಿ ಇಳಿಸಿ ‘ಎನ್ವಿರಾನ್ಮೆಂಟ್ ಇಶ್ಯೂ ಇನ್ನೂ ಹಾಗೇ ಇದೆ’ ಅಂತಿದ್ಲು, ತಪ್ಪು ತಾನೇ ಮಾಡಿದೀನಿ ಅನ್ನೋ ಥರ. ಅದು ನನಗೆ ತುಂಬಾ ಚುಚ್ಚಿತು, ಯಾಕಂದ್ರೆ ಅದರಲ್ಲಿ ಅವಳದ್ದು ಒಂದೇ ಒಂದು ತಪ್ಪೂ ಇರಲಿಲ್ಲ.

ಈ ‘ಸಪೋರ್ಟ್ ಇಲ್ಲ’ ಅನ್ನೋ ಎರಡು ಪದ ಬೆಂಗಳೂರಿನ ಎಷ್ಟು ಜನ ಕೇಳಿರ್ತಾರೋ ಲೆಕ್ಕ ಇಲ್ಲ. ಸರ್ವಿಸ್ ಕಂಪನಿಯಲ್ಲಿ ಕೂತು ಸಿಟ್ರಿಕ್ಸ್ ಒಳಗೆ ಹೋಗೋರು, ಚಿಪ್ ಡಿಸೈನ್ ಕಂಪನಿಯಲ್ಲಿ ವಿಎನ್‌ಸಿ ಒಳಗೆ ಬದುಕೋರು, ಮನೆಯಿಂದ ಆಫೀಸ್ ಮಷೀನ್‌ಗೆ ಆರ್‌ಡಿಪಿ ಮಾಡೋರು (ಮೂರೂ ದೂರದ ಮಷೀನ್‌ನ ಪರದೆ ಇಲ್ಲಿ ತೋರಿಸೋ ದಾರಿಗಳೇ), ಎಲ್ಲರಿಗೂ ಒಂದಲ್ಲ ಒಂದು ದಿನ ಇದು ಸಿಕ್ಕೇ ಸಿಗತ್ತೆ. ಆದ್ರೆ ಆ ಮಾತಿನ ಹಿಂದೆ ಏನು ನಡೀತಿದೆ ಅಂತ ಯಾರೂ ಬಿಡಿಸಿ ಹೇಳಲ್ಲ. ಹೇಳಿದ್ರೆ ಅರ್ಧ ಕೇಸ್‌ಗಳು ಅಲ್ಲೇ ಬಗೆಹರೀತಾವೆ ಅನ್ನೋದು ನನ್ನ ಅನುಭವ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲು ಒಂದು ಮಾತು, ವಿಡಿಐ ಕೊಡೋ ಕಂಪನಿಗಳಿಗೆ ಕಾರಣ ಇದೆ. ಬ್ಯಾಂಕಿನ ಗ್ರಾಹಕರ ಡೇಟಾ, ಆಸ್ಪತ್ರೆಯ ದಾಖಲೆ, ಕಂಪನಿಯ ಸೋರ್ಸ್ ಕೋಡ್ ಇಂಥದ್ದು ಸಾವಿರಾರು ಲ್ಯಾಪ್‌ಟಾಪ್‌ಗಳಲ್ಲಿ ಹಂಚಿಹೋದ್ರೆ ಕಾಯೋದು ಕಷ್ಟ, ಒಂದು ಲ್ಯಾಪ್‌ಟಾಪ್ ಕಳೆದ್ರೂ ತಲೆನೋವು. ಎಲ್ಲಾ ಒಂದು ಕಡೆ ಇಟ್ಟು ಪರದೆಯ ಚಿತ್ರ ಮಾತ್ರ ಹೊರಗೆ ಬಿಟ್ರೆ ಕಾಯೋದು ಸುಲಭ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಈ ವ್ಯವಸ್ಥೆ ಇದ್ದಿದ್ದಕ್ಕೇ ಎಷ್ಟೋ ಪ್ರಾಜೆಕ್ಟ್‌ಗಳು ನಿಲ್ಲಲಿಲ್ಲ. ಆದ್ರೆ ಇದು ಹುಟ್ಟಿದ್ದು ಯಾವ ಕೆಲಸಕ್ಕೆ ಅಂತ ನೋಡಬೇಕು. ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಎಡಿಷನ್ ಬಿಟ್ಟಾಗ ಅದರ ಕಣ್ಮುಂದೆ ಇದ್ದಿದ್ದು ಫಾರ್ಮ್ ತುಂಬೋರು, ಲೆಕ್ಕ ಬರೆಯೋರು, ಕಾಲ್ ತಗೊಳ್ಳೋರು, ಅಂದ್ರೆ ಒಂದು ದೊಡ್ಡ ಸರ್ವರ್ ಮೇಲೆ ಹತ್ತಾರು ಜನ ಕೂತು ಒಂದೇ ಥರದ ಹಗುರ ಕೆಲಸ ಮಾಡೋದು. ಡೆವಲಪರ್ ಕೆಲಸ ಆ ಲೆಕ್ಕಕ್ಕೆ ಬರಲ್ಲ. ಡೆವಲಪರ್ ಟೂಲ್‌ಗಳು ಈ ಹತ್ತು ವರ್ಷದಲ್ಲಿ ಮಷೀನ್‌ನ ತಳದವರೆಗೆ ಕೈ ಹಾಕೋಕೆ ಶುರು ಮಾಡಿದ್ವು, ಪ್ರೊಸೆಸರ್‌ನ ವರ್ಚುವಲೈಸೇಶನ್ ಬೇಕು, ಜಿಪಿಯು (ಗ್ರಾಫಿಕ್ಸ್ ಚಿಪ್) ಬೇಕು, ಯುಎಸ್‌ಬಿ ಬೇಕು, ಅಡ್ಮಿನ್ ರೈಟ್ಸ್ ಬೇಕು. ಅದೇ ಹತ್ತು ವರ್ಷದಲ್ಲಿ ಕಂಪನಿಗಳು ಡೆವಲಪರ್‌ಗಳನ್ನ ಮಷೀನ್‌ನಿಂದ ದೂರ ದೂರ ಕೂರಿಸ್ತಾ ಬಂದ್ವು. ಎರಡೂ ಎದುರುಬದುರಾಗಿ ಬಂದು ಡಿಕ್ಕಿ ಹೊಡೆಯೋ ಜಾಗದಲ್ಲಿ ನಾವು ಕೂತಿದೀವಿ.

ಆ ಎಮ್ಯುಲೇಟರ್ ಯಾಕೆ ಏಳಲಿಲ್ಲ ಅಂತ ನೋಡಣ. ಆಂಡ್ರಾಯ್ಡ್ ಎಮ್ಯುಲೇಟರ್ ಅಂದ್ರೆ ಅದೇ ಒಂದು ವರ್ಚುವಲ್ ಮಷೀನ್, ಇಡೀ ಫೋನನ್ನ ಕಂಪ್ಯೂಟರ್ ಒಳಗೆ ಓಡಿಸತ್ತೆ. ತಕ್ಕ ವೇಗ ಬರಬೇಕಂದ್ರೆ ಇಂಟೆಲ್ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಅನ್ನೋ ಪ್ರೊಸೆಸರ್ ಸೌಲಭ್ಯ ಅದಕ್ಕೆ ನೇರವಾಗಿ ಸಿಗಬೇಕು. ನಮ್ಮ ಕೈಲಿರೋ ಲ್ಯಾಪ್‌ಟಾಪ್ ಆದ್ರೆ ಬಯಾಸ್‌ನಲ್ಲಿ ಆನ್ ಮಾಡಿದ್ರೆ ಮುಗೀತು. ಆದ್ರೆ ವಿಡಿಐ ಅನ್ನೋದೇ ಒಂದು ವರ್ಚುವಲ್ ಮಷೀನ್, ಅದು ಇನ್ನೊಂದು ದೊಡ್ಡ ಸರ್ವರ್‌ನ ಹೈಪರ್‌ವೈಸರ್ (ವರ್ಚುವಲ್ ಮಷೀನ್‌ಗಳನ್ನ ನಡೆಸೋ ಸಾಫ್ಟ್‌ವೇರ್) ಮೇಲೆ ಕೂತಿದೆ. ಅದರೊಳಗೆ ಇನ್ನೊಂದು ವರ್ಚುವಲ್ ಮಷೀನ್ ಓಡಿಸೋದು ಅಂದ್ರೆ ಬಾಡಿಗೆ ಮನೆಯಲ್ಲಿ ಇದ್ದೋರು ಒಂದು ರೂಮನ್ನ ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟಂಗೆ, ಓನರ್ ಒಪ್ಪಬೇಕು. ಇದಕ್ಕೆ ನೆಸ್ಟೆಡ್ ವರ್ಚುವಲೈಸೇಶನ್ ಅಂತಾರೆ. ಮೈಕ್ರೋಸಾಫ್ಟ್‌ನ ಹೈಪರ್-ವಿ ಇದನ್ನ ವಿಂಡೋಸ್ ಸರ್ವರ್ 2016ರಲ್ಲಿ ಇಂಟೆಲ್ ಪ್ರೊಸೆಸರ್‌ಗಳಿಗೆ ತಂತು, ಎಎಂಡಿಗೆ ಬರೋ ಹೊತ್ತಿಗೆ ವಿಂಡೋಸ್ ಸರ್ವರ್ 2022 ಆಗಿತ್ತು. ವಿಎಂವೇರ್‌ನಲ್ಲೂ ಸೌಲಭ್ಯ ಇದೆ, ಮಷೀನ್ ಆಫ್ ಮಾಡಿ ಪ್ರೊಸೆಸರ್ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಬೇಕು, ಅಷ್ಟೇ. ಆದ್ರೆ ಎರಡೂ ಕಡೆ ಅದು ತಾನಾಗೇ ಆನ್ ಇರಲ್ಲ, ಅಡ್ಮಿನ್ ಹಾಕಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದೇ. ಪ್ರೊಸೆಸರ್‌ನಲ್ಲಿ ಎಲ್ಲಾ ಇದೆ, ಒಳಗಿರೋ ನಮಗೆ ಕಾಣಲ್ಲ.

ಇದರ ಮೇಲೆ ಗೂಗಲ್‌ನ ಆಂಡ್ರಾಯ್ಡ್ ಡಾಕ್ಯುಮೆಂಟೇಶನ್‌ನಲ್ಲೇ ಸ್ಪಷ್ಟವಾಗಿ ಬರೆದಿದೆ, ವೇಗವರ್ಧನೆ ಇರೋ ಎಮ್ಯುಲೇಟರನ್ನ ವರ್ಚುವಲ್‌ಬಾಕ್ಸ್, ವಿಎಂವೇರ್, ಡಾಕರ್ ಇಂಥ ಇನ್ನೊಂದು ವರ್ಚುವಲ್ ಮಷೀನ್ ಒಳಗೆ ಓಡಿಸೋಕಾಗಲ್ಲ, ನೇರವಾಗಿ ಹೋಸ್ಟ್ (ಅಸಲಿ ಮಷೀನ್) ಮೇಲೇ ಓಡಿಸಿ ಅಂತ. ಆದ್ರೆ ನಿಜ ಜೀವನದಲ್ಲಿ ನೆಸ್ಟೆಡ್ ಆನ್ ಮಾಡಿದ ಮಷೀನ್‌ಗಳಲ್ಲಿ ಎಷ್ಟೋ ಜನ ಓಡಿಸ್ತಾರೆ, ನಾನೂ ಓಡಿಸಿದೀನಿ. ಹಾಗಾದ್ರೆ ‘ಆಗಲ್ಲ’ ಅಂತ ಬರೆದಿದ್ದು ಸುಳ್ಳಾ? ಸುಳ್ಳಲ್ಲ, ಅಲ್ಲಿ ‘ಆಗಲ್ಲ’ ಅನ್ನೋದಕ್ಕೆ ‘ನೀವು ಬಂದು ಕೇಳಿದ್ರೆ ನಾವು ನೋಡಲ್ಲ’ ಅನ್ನೋ ಅರ್ಥವೂ ಸೇರಿದೆ. ಈ ಎರಡು ಅರ್ಥ ಒಂದಕ್ಕೊಂದು ಗಂಟುಬಿದ್ದಿರೋದೇ ಅರ್ಧ ಗೊಂದಲಕ್ಕೆ ಕಾರಣ, ಅದಕ್ಕೆ ಆಮೇಲೆ ಬರ್ತೀನಿ.

ಡಾಕರ್ ಅಂದ್ರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಂದು ಕಂಟೇನರ್‌ನಲ್ಲಿ ಕಟ್ಟಿ ಓಡಿಸೋ ಟೂಲ್, ಅದರ ಕಥೆ ಇನ್ನೂ ಸುತ್ತಿ ಬಳಸಿ ಇದೆ. ವಿಂಡೋಸ್ ಮೇಲೆ ಡಾಕರ್ ಡೆಸ್ಕ್‌ಟಾಪ್ ಈಗ ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ 2 ಮೇಲೆ ಓಡತ್ತೆ. 2020ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್ ಜೊತೆ ಎಲ್ಲರಿಗೂ ಬಂದ ಈ ಡಬ್ಲ್ಯುಎಸ್‌ಎಲ್ 2 ಒಳಗೆ ಇರೋದು ನಿಜವಾದ ಲಿನಕ್ಸ್ ಕರ್ನಲ್, ಓಡೋದು ಒಂದು ಚಿಕ್ಕ ವರ್ಚುವಲ್ ಮಷೀನ್ ಥರ. ಹಾಗಾಗಿ ಮತ್ತೆ ಅದೇ ನೆಸ್ಟೆಡ್ ಕಥೆ. ಡಾಕರ್ ಕಂಪನಿ ಹೇಳೋದು ಏನಂದ್ರೆ ವರ್ಚುವಲ್ ಡೆಸ್ಕ್‌ಟಾಪ್ ಒಳಗೆ ಓಡಿಸಬಹುದು, ಆದ್ರೆ ನೆಸ್ಟೆಡ್ ಆನ್ ಇರಬೇಕು, ಮತ್ತೆ ಅಂಥ ಕಡೆ ತೊಂದರೆ ಬಂದ್ರೆ ಸಹಾಯ ಸಿಗೋದು ಬಿಸಿನೆಸ್ ಪ್ಲಾನ್ ತಗೊಂಡಿರೋರಿಗೆ ಮಾತ್ರ. ವಿಂಡೋಸ್ ಸರ್ವರ್ ಮೇಲಂತೂ ಡಾಕರ್ ಡೆಸ್ಕ್‌ಟಾಪ್‌ಗೆ ಸಪೋರ್ಟೇ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ ನೋಡಿ, ಬಹಳ ಕಂಪನಿಗಳು ‘ವಿಡಿಐ’ ಅಂತ ಕೊಡೋದು ನಿಜವಾಗ್ಲೂ ಒಬ್ಬರಿಗೊಂದು ವಿಂಡೋಸ್ ಮಷೀನ್ ಅಲ್ಲ, ಒಂದೇ ವಿಂಡೋಸ್ ಸರ್ವರ್‌ನ ಹಲವರು ಹಂಚ್ಕೊಳ್ಳೋ ಸೆಷನ್. ಪರದೆ ನೋಡಿದ್ರೆ ಎರಡೂ ಒಂದೇ ಥರ, ಸ್ಟಾರ್ಟ್ ಮೆನು ಒಂದೇ ಥರ. ಸಿಸ್ಟಂ ಪ್ರಾಪರ್ಟೀಸ್ ತೆಗೆದು ವಿಂಡೋಸ್ 11 ಅಂತಿದೆಯೋ ವಿಂಡೋಸ್ ಸರ್ವರ್ ಅಂತಿದೆಯೋ ನೋಡಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗತ್ತೆ, ಅದನ್ನ ಮೊದಲ ದಿನಾನೇ ನೋಡ್ಕೊಂಡ್ರೆ ಎರಡು ವಾರ ಉಳಿಯತ್ತೆ.

ಜಿಪಿಯು ವಿಷಯ ಗೇಮ್, ಸಿಎಡಿ, ತ್ರೀಡಿ ಕಡೆ ಕೆಲಸ ಮಾಡೋರಿಗೆ ಚೆನ್ನಾಗಿ ಗೊತ್ತಿರತ್ತೆ. ಮಾಮೂಲಿ ಆರ್‌ಡಿಪಿ ಸೆಷನ್‌ನಲ್ಲಿ ಓಪನ್‌ಜಿಎಲ್ (ಗ್ರಾಫಿಕ್ಸ್ ಬಿಡಿಸೋ ವ್ಯವಸ್ಥೆ) ಕೇಳೋ ಪ್ರೋಗ್ರಾಂ ಓಪನ್ ಮಾಡಿದ್ರೆ ಎಷ್ಟೋ ಸಲ ವಿಂಡೋಸ್ ಅದಕ್ಕೆ ಕೊಡೋದು ‘ಜಿಡಿಐ ಜೆನೆರಿಕ್’ ಅನ್ನೋ ಸಾಫ್ಟ್‌ವೇರ್ ರೂಪ, ಓಪನ್‌ಜಿಎಲ್ 1.1, ಅಂದ್ರೆ 1990ರ ದಶಕದ್ದು. ಮಷೀನ್ ಒಳಗೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇದ್ರೂ ಹಾಗೇ. ಲಾಕ್‌ಡೌನ್ ಟೈಮಲ್ಲಿ ಮನೆಯಿಂದ ಆಫೀಸ್ ಮಷೀನ್‌ಗೆ ಬರೋರ ಗೋಳು ಜಾಸ್ತಿ ಆದಾಗ 2020ರಲ್ಲಿ ಎನ್‌ವಿಡಿಯಾ ಜೀಫೋರ್ಸ್ ಕಾರ್ಡ್‌ಗಳಿಗೆ ಅಂತಲೇ ಒಂದು ಚಿಕ್ಕ ಟೂಲ್ ಬಿಡ್ತು, ಅದನ್ನ ಒಂದು ಸಲ ಅಡ್ಮಿನ್ ಆಗಿ ಓಡಿಸಿದ್ರೆ ಆರ್‌ಡಿಪಿ ಒಳಗೂ ಓಪನ್‌ಜಿಎಲ್ ಕಾರ್ಡ್ ಮೇಲೇ ಓಡತ್ತೆ. ಇದು ನನಗೆ ಮುಖ್ಯ ಅನ್ಸೋದು ಯಾಕಂದ್ರೆ, ನಿನ್ನೆವರೆಗೂ ‘ಸಪೋರ್ಟ್ ಇಲ್ಲ’ ಅಂತಿದ್ದದ್ದು ಒಂದು ಚಿಕ್ಕ ಟೂಲ್‌ನಿಂದ ‘ಇದೆ’ ಆಯ್ತು. ಕಾರ್ಡ್ ಅದೇ, ಆರ್‌ಡಿಪಿ ಅದೇ. ಯಾರೋ ಮನಸ್ಸು ಮಾಡಿದ್ರು, ಆಯ್ತು.

ಇನ್ನು ದೂರ. ಇದಕ್ಕೆ ಯಾವ ಅಡ್ಮಿನ್ನೂ ಏನೂ ಮಾಡೋಕಾಗಲ್ಲ. ಬೆಂಗಳೂರಿಂದ ಅಮೆರಿಕದ ವರ್ಜೀನಿಯಾಗೆ ನೇರ ಗೆರೆ ಎಳೆದ್ರೂ ಸುಮಾರು 13-14 ಸಾವಿರ ಕಿಲೋಮೀಟರ್. ಗಾಜಿನ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡತ್ತೆ. ಹೋಗಿ ಬರೋಕೆ ಅಂತ ಲೆಕ್ಕ ಹಾಕಿದ್ರೆ 130-140 ಮಿಲಿಸೆಕೆಂಡ್, ಇದು ಭೌತಶಾಸ್ತ್ರ ಹಾಕಿರೋ ಕೆಳಗಿನ ಮಿತಿ. ನಿಜವಾಗಿ ಕೇಬಲ್ ನೇರ ಹೋಗಲ್ಲ, ಚೆನ್ನೈ ಇಲ್ಲಾ ಮುಂಬೈಗೆ ಹೋಗಿ ಸಮುದ್ರಕ್ಕೆ ಇಳಿದು ಸುತ್ತಾಡಿ ಹೋಗತ್ತೆ, ಹಾಗಾಗಿ 200 ಮಿಲಿಸೆಕೆಂಡ್ ದಾಟೋದು ಸಾಮಾನ್ಯ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ಕಟ್ ಆದಾಗ ಮಧ್ಯಪ್ರಾಚ್ಯ ದಾಟಿ ಹೋಗೋ ಟ್ರಾಫಿಕ್ ನಿಧಾನ ಆಗಿದೆ ಅಂತ ಮೈಕ್ರೋಸಾಫ್ಟ್ ತನ್ನ ಅಜೂರ್ ಕ್ಲೌಡ್ ಗ್ರಾಹಕರಿಗೆ ತಿಳಿಸಬೇಕಾಯ್ತು.

ಮಿಲಿಸೆಕೆಂಡ್ ಲೆಕ್ಕ ಕೇಳಿದ್ರೆ ಏನೂ ಅನ್ಸಲ್ಲ, ಕೂತು ಟೈಪ್ ಮಾಡಿ ನೋಡಿ. ಒಂದು ವೇರಿಯಬಲ್ ಹೆಸರಲ್ಲಿ ಕೊನೇ ಮೂರು ಅಕ್ಷರ ತಪ್ಪಾಗಿದೆ. ಬ್ಯಾಕ್‌ಸ್ಪೇಸ್ ಮೂರು ಸಲ ಒತ್ತಿದ್ರಿ, ಪರದೆ ಮೇಲೆ ಒಂದೇ ಅಳಿಸಿದಂಗೆ ಕಾಣತ್ತೆ, ಇನ್ನೂ ಎರಡು ಒತ್ತಿದ್ರಿ, ಅಷ್ಟರಲ್ಲಿ ಐದೂ ಒಟ್ಟಿಗೆ ಬಂದು ಬಿದ್ದು ಎರಡು ಒಳ್ಳೇ ಅಕ್ಷರಾನೂ ಹೋಯ್ತು. ಎಡಿಟರ್ ಕೊಡೋ ಸಜೆಶನ್ ಲಿಸ್ಟ್ ಬರೋ ಹೊತ್ತಿಗೆ ನೀವು ಎಂಟರ್ ಒತ್ತಿಯಾಗಿರತ್ತೆ, ಬೇಡದ ಹೆಸರು ಬಂದು ಕೂತ್ಕೊಳತ್ತೆ. ದಿನಕ್ಕೆ ಎಂಟು ಗಂಟೆ ಇದೇ ಆದ್ರೆ ಸಂಜೆ ಹೊತ್ತಿಗೆ ಕಣ್ಣು ಉರಿ, ಮನಸ್ಸು ಕಿರಿಕಿರಿ, ಕೈ ತಾನಾಗೇ ನಿಧಾನ ಆಗಿರತ್ತೆ. ಯೋಚನೆ ಕೂಡ ನಿಧಾನ ಆಗತ್ತೆ, ಇದನ್ನ ಯಾವ ಟೈಮ್‌ಶೀಟೂ ಹಿಡಿಯಲ್ಲ. ವಿಷುವಲ್ ಸ್ಟುಡಿಯೋದಲ್ಲಿ ಆಪ್ಷನ್ಸ್ ಒಳಗೆ ಕನೆಕ್ಷನ್ ನೋಡಿ ಅನಿಮೇಶನ್, ಅಲಂಕಾರ ಕಡಿಮೆ ಮಾಡೋ ಸೆಟ್ಟಿಂಗ್ ಇದೆ, ಅದು ಸ್ವಲ್ಪ ಉಪಯೋಗ ಆಗತ್ತೆ. ಆದ್ರೆ ದೂರ ದೂರಾನೇ.

ಕನ್ನಡದ ಕೆಲಸ ಮಾಡೋರಿಗೆ ಇನ್ನೊಂದು ತಾಪತ್ರಯ ಇದೆ, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಆರ್‌ಡಿಪಿ ಸಾಮಾನ್ಯವಾಗಿ ಅಲ್ಲಿಗೆ ಕಳಿಸೋದು ಅಕ್ಷರ ಅಲ್ಲ, ಯಾವ ಕೀ ಒತ್ತಿದ್ರಿ ಅನ್ನೋ ನಂಬರ್. ಹಾಗಾಗಿ ಕನ್ನಡ ಕೀಬೋರ್ಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ರೆ ಸಾಲದು, ಆ ಕಡೆ ಮಷೀನ್‌ನಲ್ಲೂ ಇರಬೇಕು, ಅದನ್ನ ಹಾಕೋಕೆ ನಿಮಗೆ ರೈಟ್ಸ್ ಇರಲ್ಲ. ಲಿನಕ್ಸ್ ಸರ್ವರ್ ಆದ್ರೆ ಕನ್ನಡ ಫಾಂಟೇ ಇರಲ್ಲ, ಆ್ಯಪ್‌ನ ಕನ್ನಡ ಪರದೆ ಟೆಸ್ಟ್ ಮಾಡೋಕೆ ಹೋದ್ರೆ ಬರೀ ಚೌಕ ಚೌಕ. ಬಗ್ ನಿಮ್ಮ ಕೋಡ್‌ನಲ್ಲಿದೆಯೋ ಮಷೀನ್‌ನಲ್ಲಿದೆಯೋ ಅಂತ ಗೊತ್ತಾಗದೆ ಅರ್ಧ ದಿನ ಹೋಗತ್ತೆ. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಫಾಂಟನ್ನ ನಿಮ್ಮ ಹೋಮ್ ಫೋಲ್ಡರ್ ಒಳಗಿನ ಫಾಂಟ್ಸ್ ಜಾಗಕ್ಕೆ ಹಾಕ್ಕೊಂಡ್ರೆ ಅಡ್ಮಿನ್ ಬೇಕಾಗಲ್ಲ, ಇದು ಸುಮಾರು ಜನಕ್ಕೆ ಗೊತ್ತಿರಲ್ಲ.

ಈಗ ಆ ಗಂಟಿಗೆ ಬರಣ. ‘ಸಪೋರ್ಟ್ ಇಲ್ಲ’ ಅಂತ ಯಾರಾದ್ರೂ ಹೇಳಿದ್ರೆ ಅದರಲ್ಲಿ ಬೇರೆ ಬೇರೆ ನಾಲ್ಕು ಮಾತು ಅಡಗಿರಬಹುದು. ತಾಂತ್ರಿಕವಾಗಿ ಆಗೋದೇ ಇಲ್ಲ ಅನ್ನೋದು ಒಂದು, ನೆಸ್ಟೆಡ್ ಆಫ್ ಇರೋ ಮಷೀನ್‌ನಲ್ಲಿ ಡಬ್ಲ್ಯುಎಸ್‌ಎಲ್ 2 ಇದ್ದಂಗೆ. ಆಗಬಹುದು ಆದ್ರೆ ನಾವು ಟೆಸ್ಟ್ ಮಾಡಿಲ್ಲ, ಮುರಿದ್ರೆ ನಿಮ್ಮ ಹಣೆಬರಹ ಅನ್ನೋದು ಇನ್ನೊಂದು, ಬಹುಪಾಲು ಕೇಸ್‌ಗಳು ಇವೇ. ಮೂರನೇದು ಆಗತ್ತೆ, ಆದ್ರೆ ಲೈಸೆನ್ಸ್ ಒಪ್ಪಲ್ಲ. ಉದಾಹರಣೆಗೆ ಎಂಬೆಡೆಡ್ (ಉಪಕರಣಗಳ ಒಳಗಿನ ಚಿಪ್‌ಗೆ ಸಾಫ್ಟ್‌ವೇರ್ ಬರೆಯೋ) ಕಡೆ ಕೆಲಸ ಮಾಡೋರು ಇದನ್ನ ನೋಡಿರ್ತೀರಿ, ಫ್ಲೆಕ್ಸ್‌ನೆಟ್ ಲೈಸೆನ್ಸ್ ಇರೋ ಕಂಪೈಲರ್ ಮಷೀನ್ ಎದುರು ಕೂತಾಗ ಓಡತ್ತೆ, ಅದೇ ಮಷೀನ್‌ಗೆ ಆರ್‌ಡಿಪಿಯಿಂದ ಬಂದ್ರೆ ಟರ್ಮಿನಲ್ ಸರ್ವರ್‌ನಿಂದ ಬಂದೋರಿಗೆ ಅನುಮತಿ ಇಲ್ಲ ಅಂತ ನಿಲ್ಲಿಸತ್ತೆ. ಒಂದೇ ಮಷೀನ್‌ಗೆ ಕಟ್ಟಿದ ಲೈಸೆನ್ಸ್‌ನ ಹತ್ತು ಜನ ದೂರದಿಂದ ಬಳಸಬಾರದು ಅಂತ ಆ ತಡೆ ಇಟ್ಟಿರೋದು, ಲೈಸೆನ್ಸ್ ಫೈಲ್‌ನಲ್ಲೇ ಅನುಮತಿ ಹಾಕಿಸ್ಕೊಂಡು ಬಂದ್ರೆ ಸರಿಹೋಗತ್ತೆ. ನಾಲ್ಕನೇದು ನಮ್ಮ ಕಂಪನಿಯ ಪಾಲಿಸಿ ಒಪ್ಪಲ್ಲ, ಇದು ಟೂಲ್‌ಗೆ ಸಂಬಂಧಾನೇ ಇಲ್ಲ. ಹೆಲ್ಪ್‌ಡೆಸ್ಕ್‌ನೋರು ನಾಲ್ಕಕ್ಕೂ ಒಂದೇ ವಾಕ್ಯ ಕಳಿಸ್ತಾರೆ. ಮೊದಲನೇದಕ್ಕೆ ಇನ್‌ಫ್ರಾ ಟೀಮ್ ಬೇಕು, ಎರಡನೇದಕ್ಕೆ ನಿಮ್ಮದೇ ಒಂದು ದಿನದ ಪ್ರಯೋಗ ಸಾಕು, ಮೂರನೇದಕ್ಕೆ ಪರ್ಚೇಸ್ ಡಿಪಾರ್ಟ್‌ಮೆಂಟ್, ನಾಲ್ಕನೇದಕ್ಕೆ ಸೆಕ್ಯೂರಿಟಿ ಟೀಮ್. ಯಾವುದು ಅಂತ ಗೊತ್ತಿಲ್ಲದೇ ಎಸ್ಕಲೇಟ್ ಮಾಡಿದ್ರೆ ಮೇಲ್ ಚೈನ್ ಬೆಳೆಯತ್ತೆ, ಕೆಲಸ ಬೆಳೆಯಲ್ಲ.

ನಿನ್ನೆ ಸಪೋರ್ಟ್ ಇದ್ದಿದ್ದು ಇವತ್ತು ಇಲ್ಲ ಆಗೋದೂ ಉಂಟು, ಅದಕ್ಕೆ ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ಅಂದ್ರೆ ದೂರದ ಮಷೀನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗೋ ದಾರಿ) ಎಷ್ಟು ಜನರ ಬದುಕು ಹಗುರ ಮಾಡಿದೆ ಅಂತ ಹೇಳೋದೇ ಬೇಡ. ಎಡಿಟರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಕೋಡ್ ಮತ್ತು ಕಂಪೈಲರ್ ದೂರದ ಲಿನಕ್ಸ್‌ನಲ್ಲಿ, ಅಲ್ಲಿ ಒಂದು ಚಿಕ್ಕ ಸರ್ವರ್ ಪ್ರೋಗ್ರಾಂ ತಾನೇ ಹೋಗಿ ಕೂತ್ಕೊಳತ್ತೆ. 2024ರ ಫೆಬ್ರವರಿ ಶುರುವಲ್ಲಿ 1.86 ಆವೃತ್ತಿ ಬಂತು, ಆ ಸರ್ವರ್ ಪ್ರೋಗ್ರಾಂಗೆ ದೂರದ ಮಷೀನ್‌ನಲ್ಲಿ ಜಿಲಿಬ್‌ಸಿ 2.28 ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಆಯ್ತು. ಜಿಲಿಬ್‌ಸಿ ಅಂದ್ರೆ ಲಿನಕ್ಸ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಂಗಳೂ ನಿಲ್ಲೋ ನೆಲ. ಹಳೇ ಲಿನಕ್ಸ್‌ಗಳಾದ ಸೆಂಟ್‌ಓಎಸ್ 7ರಲ್ಲಿ ಇರೋದು 2.17, ಉಬುಂಟು 18.04ರಲ್ಲಿ 2.27. ರಾತ್ರಿ ಎಡಿಟರ್ ತಾನಾಗೇ ಅಪ್‌ಡೇಟ್ ಆಗಿದೆ, ಬೆಳಗ್ಗೆ ಕನೆಕ್ಟ್ ಮಾಡಿದ್ರೆ ಹೋಸ್ಟ್ ಹಳೇದು ಅಂತ ಬಾಗಿಲು ಹಾಕ್ತು. ಜಗತ್ತಿನ ಎಲ್ಲಾ ಕಡೆಯಿಂದ ಕೂಗೆದ್ದ ಮೇಲೆ ಮೈಕ್ರೋಸಾಫ್ಟ್ ಒಂದು ವರ್ಷ ಗಡುವು ಕೊಡ್ತು, ಆಮೇಲೆ 2025ರ 1.99 ಆವೃತ್ತಿಯಿಂದ ಹಳೇ ಮಷೀನ್‌ಗಳು ಹೊರಗೆ. ಹೊಸ ಜಿಲಿಬ್‌ಸಿಯನ್ನ ಬೇರೆ ಫೋಲ್ಡರ್‌ನಲ್ಲಿ ಇಟ್ಟು ಪ್ಯಾಚ್‌ಎಲ್ಫ್ ಅನ್ನೋ ಟೂಲ್‌ನಿಂದ ಸರ್ವರನ್ನ ಅದರ ಕಡೆ ತಿರುಗಿಸೋ ದಾರಿ ಅವರೇ ಬರೆದಿಟ್ಟಿದಾರೆ, ಜೊತೆಗೆ ಇದಕ್ಕೆ ಅಧಿಕೃತ ಸಪೋರ್ಟ್ ಇಲ್ಲ ಅಂತಾನೂ ಬರೆದಿದಾರೆ.

ಇದರಲ್ಲಿ ಜಾಸ್ತಿ ಪೆಟ್ಟು ತಿಂದವರಲ್ಲಿ ನಮ್ಮ ಬೆಂಗಳೂರಿನ ಚಿಪ್ ಡಿಸೈನ್ ಇಂಜಿನಿಯರ್‌ಗಳೂ ಇದಾರೆ. ಅವರ ಕೆಲಸ ಪೂರ್ತಿ ಲಿನಕ್ಸ್ ಸರ್ವರ್ ಗುಂಪಿನ ಮೇಲೆ, ವಿಎನ್‌ಸಿ ಅಥವಾ ಅದೇ ಥರದ ರಿಮೋಟ್ ಡೆಸ್ಕ್‌ಟಾಪ್ ಮೂಲಕ. ಚಿಪ್ ಡಿಸೈನ್ ಟೂಲ್ ಮಾಡೋ ಕಂಪನಿಗಳು ಇಂಥ ಆವೃತ್ತಿಗೆ ಇಂಥ ರೆಡ್‌ಹ್ಯಾಟ್ ಲಿನಕ್ಸ್ ಅಂತ ಸರ್ಟಿಫೈ ಮಾಡಿ ಕೊಡ್ತಾರೆ, ಒಂದು ಚಿಪ್ ಪ್ರಾಜೆಕ್ಟ್ ಎರಡು ಮೂರು ವರ್ಷ ನಡೆಯೋದು ಇದ್ದಿದ್ದೇ, ನಡುವೆ ಓಎಸ್ ಬದಲಾಯಿಸಿದ್ರೆ ಇಷ್ಟು ದಿನ ಬಂದ ರಿಸಲ್ಟ್‌ಗಳನ್ನೇ ಮತ್ತೆ ಪರೀಕ್ಷೆ ಮಾಡಬೇಕು. ಹಾಗಾಗಿ ರೆಡ್‌ಹ್ಯಾಟ್‌ನಂಥದ್ದೇ ಆದ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಆಯಸ್ಸು ಮುಗಿದ್ರೂ ಮಷೀನ್‌ಗಳು ಓಡ್ತಾನೇ ಇದ್ವು. ಡಿಸೈನ್ ಟೂಲ್ ಹೇಳತ್ತೆ ಹಳೇದನ್ನ ಬಿಡಬೇಡ ಅಂತ, ಎಡಿಟರ್ ಹೇಳತ್ತೆ ಹಳೇದಿದ್ರೆ ನಾನು ಬರಲ್ಲ ಅಂತ. ಎತ್ತು ಏರಿಗೆ ಕೋಣ ನೀರಿಗೆ. ಮೈಕ್ರೋಸಾಫ್ಟ್ ಕಡೆಯಿಂದ ನೋಡಿದ್ರೆ ಆಯಸ್ಸು ಮುಗಿದ ಓಎಸ್‌ಗಾಗಿ ತಮ್ಮ ಬಿಲ್ಡ್ ವ್ಯವಸ್ಥೆಯನ್ನ ಹಿಂದಕ್ಕೆ ಹಿಡಿದಿಡೋದು ಕಷ್ಟ, ಸೆಕ್ಯೂರಿಟಿ ಲೆಕ್ಕದಲ್ಲೂ ಅದು ತಪ್ಪು, ಅದು ನನಗೆ ಅರ್ಥ ಆಗತ್ತೆ. ಆದ್ರೆ ಮೊದಲ ಸಲ ಅದನ್ನ ಮಾಡಿದ ರೀತಿ ಸರಿ ಇರಲಿಲ್ಲ. ಲಕ್ಷಾಂತರ ಜನ ದಿನಾ ಕೂತು ಕೆಲಸ ಮಾಡೋ ಟೂಲ್ ಮಾರನೇ ದಿನ ಬೆಳಗ್ಗೆ ಬಾಗಿಲು ಹಾಕಬಾರದು, ಮೊದಲೇ ಆರು ತಿಂಗಳು ಪರದೆ ಮೇಲೆ ಎಚ್ಚರಿಕೆ ಹಾಕಬೇಕಿತ್ತು.

ನನಗೆ ಇಲ್ಲಿ ಕಾಣೋ ಮೂಲ ತೊಂದರೆ ಇಷ್ಟೇ. ಎನ್ವಿರಾನ್ಮೆಂಟ್ ಯಾವುದು ಅಂತ ತೀರ್ಮಾನ ಮಾಡೋರು ಒಬ್ಬರು, ಟೂಲ್ ಯಾವುದು ಅಂತ ತೀರ್ಮಾನ ಮಾಡೋರು ಇನ್ನೊಬ್ಬರು, ಎರಡೂ ಕೂಡದಿದ್ದಾಗ ತಡ ಆದ ದಿನಗಳಿಗೆ ಉತ್ತರ ಕೊಡೋರು ಮೂರನೆಯವರು, ಕೆಳಗೆ ಕೂತ ಡೆವಲಪರ್. ವಿಡಿಐ ಖರೀದಿ ಮಾಡೋ ಮೀಟಿಂಗ್‌ನಲ್ಲಿ ಒಬ್ಬರಿಗೆ ಎಷ್ಟು ಕೋರ್, ಎಷ್ಟು ಜಿಬಿ, ತಿಂಗಳಿಗೆ ಎಷ್ಟು ಡಾಲರ್ ಅಂತ ಲೆಕ್ಕ ಆಗತ್ತೆ. ಈ ಟೀಮ್ ಎಮ್ಯುಲೇಟರ್ ಓಡಿಸತ್ತಾ, ಕಂಟೇನರ್ ಕಟ್ಟತ್ತಾ, ಬೋರ್ಡ್‌ಗೆ ಯುಎಸ್‌ಬಿಯಿಂದ ಫ್ಲ್ಯಾಶ್ ಮಾಡತ್ತಾ ಅಂತ ಕೇಳೋ ವ್ಯಕ್ತಿ ಆ ರೂಮಲ್ಲಿ ಇರಲ್ಲ. ಇನ್ನೂ ಒಂದು, ನೆಸ್ಟೆಡ್ ಆನ್ ಮಾಡಿದ್ರೆ ಒಂದು ಸರ್ವರ್ ಮೇಲೆ ಕೂರಿಸೋ ಜನ ಕಡಿಮೆ ಆಗ್ತಾರೆ, ಖರ್ಚು ಏರತ್ತೆ, ಸೆಕ್ಯೂರಿಟಿ ಟೀಮಿಗೂ ಒಳಗೆ ಏನು ಓಡ್ತಿದೆ ಅಂತ ಕಾಣಲ್ಲ. ಹಾಗಾಗಿ ಬೇಡ ಅನ್ನೋದು ಅವರಿಗೆ ಪುಕ್ಕಟೆ. ಬೇಡ ಅಂದಿದ್ದರ ಬೆಲೆ ಬರೋದು ಬೇರೆ ಟೀಮಿನ ಲೆಕ್ಕದಲ್ಲಿ.

ಹಾಗಾದ್ರೆ ಮಾಡೋದೇನು. ನನ್ನ ಮಟ್ಟಿಗೆ ಒಂದು ದಾರಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ, ಚಿತ್ರ ಕಳಿಸೋ ಬದಲು ಅಕ್ಷರ ಕಳಿಸೋದು. ಪೂರ್ತಿ ಡೆಸ್ಕ್‌ಟಾಪ್‌ನ ಚಿತ್ರ ಸಮುದ್ರ ದಾಟಿ ಬರೋದು ಬೇಡ, ಎಡಿಟರ್ ಇಲ್ಲೇ ಓಡಲಿ, ಫೈಲ್ ಮತ್ತು ಕಂಪೈಲರ್ ಅಲ್ಲೇ ಇರಲಿ, ನಡುವೆ ಎಸ್‌ಎಸ್‌ಎಚ್ ಮೇಲೆ ಕಮಾಂಡ್ ಮತ್ತು ಪಠ್ಯ ಮಾತ್ರ ಓಡಾಡಲಿ. ವಿಎಸ್ ಕೋಡ್ ರಿಮೋಟ್ ಮಾಡೋದು ಇದನ್ನೇ, ಎಡಿಟರ್ ಮಾಡೋ ಇನ್ನೊಂದು ಕಂಪನಿ ಜೆಟ್‌ಬ್ರೇನ್ಸ್ 2021ರಲ್ಲಿ ತಂದ ಗೇಟ್‌ವೇ ಕೂಡ ಇದೇ ಹಾದಿ. ಬ್ಯಾಕ್‌ಸ್ಪೇಸ್ ಒತ್ತಿದ ತಕ್ಷಣ ಅಳಿಸತ್ತೆ, ಯಾಕಂದ್ರೆ ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಆಗ್ತಿರೋದು. ಇದಕ್ಕೆ ಸೆಕ್ಯೂರಿಟಿ ಟೀಮ್ ಒಪ್ಪಿದ್ರೆ ಮಾತ್ರ, ಕೆಲವು ಕಡೆ ಒಪ್ಪಲ್ಲ, ತೆರೆದ ಫೈಲ್‌ನ ಪಠ್ಯ ಲ್ಯಾಪ್‌ಟಾಪ್‌ಗೆ ಬರತ್ತಲ್ಲ ಅಂತಾರೆ, ಅದೂ ನಿಜವೇ.

ಫೋನ್ ಟೆಸ್ಟ್ ಮಾಡೋರಿಗೆ ಇನ್ನೊಂದು ಉಪಾಯ ಇದೆ. ಎಡಿಬಿ ಅನ್ನೋ ಆಂಡ್ರಾಯ್ಡ್ ಟೂಲ್ ಎರಡು ತುಂಡಾಗಿ ಕೆಲಸ ಮಾಡತ್ತೆ, ಹಿಂದೆ ಒಂದು ಸರ್ವರ್ 5037ನೇ ಪೋರ್ಟ್‌ನಲ್ಲಿ ಕೂತಿರತ್ತೆ, ಮುಂದೆ ನಾವು ಕೊಡೋ ಕಮಾಂಡ್ ಅದರ ಜೊತೆ ಮಾತಾಡತ್ತೆ. ಫೋನನ್ನ ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿ, ದೂರದ ಮಷೀನ್‌ನ 5037ನ್ನ ಎಸ್‌ಎಸ್‌ಎಚ್ ರಿವರ್ಸ್ ಟನೆಲ್ ಮೂಲಕ ಲ್ಯಾಪ್‌ಟಾಪ್‌ನ 5037ಕ್ಕೆ ಜೋಡಿಸಿದ್ರೆ, ದೂರದ ಮಷೀನ್‌ನಲ್ಲಿ ಬಿಲ್ಡ್ ಆದ ಆ್ಯಪ್ ನಿಮ್ಮ ಕೈಲಿರೋ ಫೋನ್‌ಗೆ ಬಂದು ಬೀಳತ್ತೆ. ಎರಡೂ ಕಡೆ ಎಡಿಬಿ ಆವೃತ್ತಿ ಒಂದೇ ಇರಬೇಕು, ಇಲ್ಲಾಂದ್ರೆ ಒಂದು ಇನ್ನೊಂದನ್ನ ಸಾಯಿಸಿ ಮತ್ತೆ ಶುರು ಮಾಡೋಕೆ ನೋಡತ್ತೆ, ಮತ್ತೆ ದೂರದ ಕಡೆ ಮೊದಲೇ ಎಡಿಬಿ ಸರ್ವರ್ ಓಡ್ತಿದ್ರೆ ನಿಲ್ಲಿಸಿರಬೇಕು. ಮೊದಲ ಸಲ ಇದು ಕೆಲಸ ಮಾಡಿದ್ದನ್ನ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ. ಇದೂ ಆಗದಿದ್ರೆ ಆಂಡ್ರಾಯ್ಡ್ ಸ್ಟುಡಿಯೋದ ಡಿವೈಸ್ ಸ್ಟ್ರೀಮಿಂಗ್ ಇದೆ, ಗೂಗಲ್‌ನ ಡೇಟಾ ಸೆಂಟರ್‌ನಲ್ಲಿರೋ ನಿಜವಾದ ಫೋನ್‌ಗಳ ಮೇಲೆ ಓಡಿಸಬಹುದು, ನೆಸ್ಟೆಡ್ ಬೇಕಾಗೇ ಇಲ್ಲ.

ಹೊಸದಾಗಿ ವಿಡಿಐ ಕೊಡ್ತಿದಾರೆ ಅಂದ್ರೆ ಕೇಳೋಕೆ ಅದೇ ಸರಿಯಾದ ಟೈಮು. ಮೈಕ್ರೋಸಾಫ್ಟ್‌ನ ವಿಂಡೋಸ್ 365 ಕ್ಲೌಡ್ ಪಿಸಿಯಲ್ಲಿ 4 ವಿಸಿಪಿಯು (ವರ್ಚುವಲ್ ಪ್ರೊಸೆಸರ್) ಅಥವಾ ಮೇಲಿನದ್ದು ತಗೊಂಡ್ರೆ ನೆಸ್ಟೆಡ್ ವರ್ಚುವಲೈಸೇಶನ್ ಇದೆ, 2 ವಿಸಿಪಿಯು ತಗೊಂಡ್ರೆ ಇಲ್ಲ. ಎರಡರ ಬಾಡಿಗೆ ವ್ಯತ್ಯಾಸ ಒಬ್ಬ ಡೆವಲಪರ್ ಸುಮ್ನೆ ಕೂತ ಎರಡು ವಾರದ ಸಂಬಳದ ಮುಂದೆ ಏನೂ ಅಲ್ಲ. ಈ ಲೆಕ್ಕ ಮ್ಯಾನೇಜರ್ ಮುಂದೆ ಕಾಗದದ ಮೇಲೆ ಇಟ್ರೆ ಒಪ್ತಾರೆ, ಬರೀ ‘ಸ್ಲೋ ಇದೆ ಸಾರ್’ ಅಂದ್ರೆ ಒಪ್ಪಲ್ಲ.

ಮಾಡಬಾರದ್ದೂ ಒಂದಿದೆ. ಬೇಸತ್ತು ಕೋಡನ್ನ ಸ್ವಂತ ಮೇಲ್‌ಗೆ ಕಳಿಸ್ಕೊಂಡು ಮನೆ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡೋದು, ಪರದೆಯ ಫೋಟೋ ತೆಗೆದು ಅಕ್ಷರ ಎತ್ತೋದು, ಪಾಲಿಸಿ ತಪ್ಪಿಸೋ ಟನೆಲ್ ಸಾಫ್ಟ್‌ವೇರ್ ಕದ್ದು ಹಾಕೋದು. ಒಳ್ಳೇ ಕೆಲಸಗಾರರೇ ಡೆಡ್‌ಲೈನ್ ಒತ್ತಡಕ್ಕೆ ಇದನ್ನ ಮಾಡಿಬಿಡ್ತಾರೆ, ಸಿಕ್ಕಿಬಿದ್ರೆ ಹೋಗೋದು ಅವರ ಕೆಲಸ, ಎನ್ವಿರಾನ್ಮೆಂಟ್ ಕೊಟ್ಟೋರದ್ದಲ್ಲ. ಹುಡುಗರಿಗೆ ನಾನು ಇದನ್ನ ಕೈ ಮುಗಿದು ಹೇಳ್ತೀನಿ, ಪ್ರಾಜೆಕ್ಟ್ ಒಂದು ವಾರ ತಡ ಆಗಲಿ, ಈ ಹಾದಿ ಬೇಡ. ಮೇಲೆ ಹೇಳಿದ ಎಸ್‌ಎಸ್‌ಎಚ್ ಟನೆಲ್ ಕೂಡ ಬರಹದಲ್ಲಿ ಅನುಮತಿ ತಗೊಂಡೇ ಮಾಡಿ.

ಹಾಸನದ ಹುಡುಗಿ ವಿಷಯ ಹೇಳಿ ನಿಲ್ಲಿಸ್ತೀನಿ. ಟಿಕೆಟ್ ಕ್ಲೋಸ್ ಆದ ಮೇಲೆ ನಾವು ಮತ್ತೆ ಓಪನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ವಿ, ಟೂಲ್‌ಗೆ ಸಪೋರ್ಟ್ ಇದೆಯಾ ಅಂತಲ್ಲ, ಈ ಮಷೀನ್‌ನಲ್ಲಿ ನೆಸ್ಟೆಡ್ ವರ್ಚುವಲೈಸೇಶನ್ ಆಫ್ ಇದೆಯಾ, ಆಫ್ ಇದ್ರೆ ಅದು ಪಾಲಿಸಿನಾ ಅಥವಾ ಡಿಫಾಲ್ಟಾ ಅಂತ. ಎರಡು ದಿನದಲ್ಲಿ ಉತ್ತರ ಬಂತು, ಡಿಫಾಲ್ಟ್ ಅಂತೆ, ಯಾರೂ ಕೇಳಿರಲಿಲ್ಲ ಅಂತೆ. ನಮ್ಮ ಟೀಮಿನ ನಾಲ್ಕು ಮಷೀನ್‌ಗೆ ಆನ್ ಮಾಡಿ ಕೊಡೋ ಹೊತ್ತಿಗೆ ಏಳನೇ ವಾರ ನಡೀತಿತ್ತು. ಎಮ್ಯುಲೇಟರ್ ಎದ್ದಾಗ ಅವಳು ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದ್ಲು, ಏನೂ ಬರೆದಿರಲಿಲ್ಲ, ಫೋನಿನ ಖಾಲಿ ಹೋಮ್ ಸ್ಕ್ರೀನ್ ಅಷ್ಟೇ. ಈಗ ನಮ್ಮಲ್ಲಿ ಹೊಸ ಪ್ರಾಜೆಕ್ಟ್ ಶುರು ಆಗೋ ಮುಂಚೆ ಕ್ಲೈಂಟ್‌ಗೆ ಒಂದು ಶೀಟ್ ಹೋಗತ್ತೆ, ಅವಳೇ ಬರೆದಿದ್ದು, ಆರು ಪ್ರಶ್ನೆ, ವಿಂಡೋಸ್ ಯಾವುದು ಅನ್ನೋದರಿಂದ ಶುರುವಾಗಿ ಡೇಟಾ ಸೆಂಟರ್ ಯಾವ ಊರಲ್ಲಿದೆ ಅನ್ನೋದರವರೆಗೆ. ಈ ತಿಂಗಳು ಕಳಿಸಿದ್ದಕ್ಕೆ ನಾಲ್ಕು ಉತ್ತರ ಬಂದಿದೆ, ಇನ್ನೆರಡಕ್ಕೆ ಅವಳು ಸೋಮವಾರ ಫೋನ್ ಮಾಡ್ತೀನಿ ಅಂದಿದಾಳೆ.